ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಸುರಕ್ಷಿತ ಬಳಕೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ಎಡದಂಡೆ ನಾಲೆಯ ರೈತರಾದ ನಾವು ಯಾರೂ ಮರೆತಿಲ್ಲ. ಅಂದಿನ ಹಗಲು ಅಣೆಕಟ್ಟನ್ನು ನೋಡಿದವರ ಕಣ್ಣಿಗೆ ತುಂಬಿದ ಜಲಾಶಯವಷ್ಟೇ ಕಂಡಿತ್ತು. ಒಳಗೊಳಗೆ ಸವೆಯುವ ವಸ್ತು ಮುನ್ಸೂಚನೆ ನೀಡುವುದಿಲ್ಲ. ನಿಯಮಿತ ನಿರ್ವಹಣೆಯೇ ಅದಕ್ಕೆ ರಕ್ಷಣೆ. ಹೃದಯದ ರಕ್ತನಾಳಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆ ನಿರ್ವಹಣೆಗಾಗಿ ವೈದ್ಯರು ನೀಡುವ ಸ್ಟ್ಯಾಟಿನ್ ಮಾತ್ರೆಗಳನ್ನು ಸುರಕ್ಷಿತವಾಗಿ ಬಳಸುವ ಬಗೆಯನ್ನು ತಿಳಿಸುವುದು ಈ ಪಾಠದ ಉದ್ದೇಶ. ಲೇಖಕನು ವೈದ್ಯನಲ್ಲ, ಎಂಜಿನಿಯರಿಂಗ್ ಪದವೀಧರ. ಆದುದರಿಂದ ಇಲ್ಲಿನ ಮಾಹಿತಿಯು ವೈದ್ಯರ ಸಲಹೆಗೆ ಪೂರಕವೇ ಹೊರತು ಪರ್ಯಾಯವಲ್ಲ.

1. ಕೊಲೆಸ್ಟರಾಲ್ ಮತ್ತು ರಕ್ತನಾಳ

ಕೊಲೆಸ್ಟರಾಲ್ ಎಂಬುದು ಶರೀರಕ್ಕೆ ಅವಶ್ಯವಾದ ಮೇಣದಂತಹ ಪದಾರ್ಥ. ಅದರ ಬಹುಪಾಲನ್ನು ಶರೀರವೇ ತಯಾರಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಯಕೃತ್ತಿನ ಪಾತ್ರ ಮುಖ್ಯವಾದುದು. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಅಧಿಕವಾದಾಗ ನಾಲೆಯಲ್ಲಿ ಹೂಳು ಕೂಡುವಂತೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕೂಡುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನಾಲೆಯ ಹೂಳು ನೀರನ್ನು ನಿಧಾನವಾಗಿ ತಡೆಯುತ್ತದೆ; ರಕ್ತನಾಳದ ಕೊಬ್ಬಿನ ಪದರವು ಒಮ್ಮೆಲೇ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ಹರಿವನ್ನು ನಿಲ್ಲಿಸಬಲ್ಲದು. ಅದೇ ಹೃದಯಾಘಾತ. ಅಲ್ಲಿಯವರೆಗೆ ಅನೇಕರಲ್ಲಿ ನೋವಿಲ್ಲ, ಆಯಾಸವಿಲ್ಲ, ಲಕ್ಷಣವಿಲ್ಲ. ರಕ್ತಪರೀಕ್ಷೆಯಿಂದ ಮಾತ್ರ ಕೊಲೆಸ್ಟರಾಲ್ ಪ್ರಮಾಣ ತಿಳಿಯುತ್ತದೆ.

2. ಔಷಧದ ಮೂಲ ಮತ್ತು ಕಾರ್ಯ

ಈ ಔಷಧದ ಮೂಲವು ಅಕ್ಕಿಯಲ್ಲಿ ದೊರೆಯಿತೆಂಬುದು ಭತ್ತದ ನಾಡಿನವರಾದ ನಮಗೆ ಕುತೂಹಲದ ಸಂಗತಿ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು 1970ರ ದಶಕದ ಆರಂಭದಲ್ಲಿ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಪರೀಕ್ಷಿಸಿ, ಕ್ಯೋಟೊ ನಗರದ ಅಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದರು. ಬೂಷ್ಟು ಹಿಡಿದ ಅಕ್ಕಿಯನ್ನು ತಿನ್ನಬಹುದೆಂದು ಇದರ ಅರ್ಥವಲ್ಲ, ಅದು ವಿಷಕಾರಿ. ಜನರ ಬಳಕೆಗೆ ಅನುಮತಿ ಪಡೆದ ಮೊದಲ ಸ್ಟ್ಯಾಟಿನ್ 1987ರಲ್ಲಿ ಅಮೆರಿಕದಲ್ಲಿ ಬಂದಿತು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಗಿ, ಸ್ಟ್ಯಾಟಿನ್ ಪಡೆದವರಲ್ಲಿ ಸಾವಿನ ಪ್ರಮಾಣ ಶೇ. 30ರಷ್ಟು ಕಡಿಮೆಯಿತ್ತು.

ಮಾತ್ರೆಯು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಗೆ ಬೇಕಾದ ಕಿಣ್ವವನ್ನು ತಡೆಯುತ್ತದೆ. ಆಗ ಯಕೃತ್ತು ತನ್ನ ಅವಶ್ಯಕತೆಗಾಗಿ ರಕ್ತದಿಂದಲೇ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ಪರಿಣಾಮ ಎರಡು ಪಟ್ಟಾಗುವುದಿಲ್ಲ. ಎಲ್‌ಡಿಎಲ್ ಸುಮಾರು ಶೇ. 6ರಷ್ಟು ಮಾತ್ರ ಹೆಚ್ಚುವರಿಯಾಗಿ ಇಳಿಯುತ್ತದೆ. ಆದುದರಿಂದ ತಾವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳುವುದರಿಂದ ಲಾಭ ಅಲ್ಪ, ಅಪಾಯ ಅಧಿಕ.

3. ಯಾರಿಗೆ ಅಗತ್ಯ?

ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, 40 ವರ್ಷ ಮೀರಿದ ಮಧುಮೇಹಿಗಳಿಗೆ, 100 ಮಿ.ಲೀ. ರಕ್ತದಲ್ಲಿ ಎಲ್‌ಡಿಎಲ್ 190 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಇರುವವರಿಗೆ ವೈದ್ಯರು ಸಾಮಾನ್ಯವಾಗಿ ಸ್ಟ್ಯಾಟಿನ್ ಸೂಚಿಸುತ್ತಾರೆ. ಉಳಿದವರ ವಿಷಯದಲ್ಲಿ ವಯಸ್ಸು, ರಕ್ತದೊತ್ತಡ, ತಂಬಾಕು ಸೇವನೆ ಹಾಗೂ ಕುಟುಂಬದ ಹಿನ್ನೆಲೆಯನ್ನು ಪರಿಗಣಿಸಿ ತೀರ್ಮಾನಿಸುತ್ತಾರೆ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯಂತೆ ಎಲ್‌ಡಿಎಲ್ ಸಾಮಾನ್ಯರಲ್ಲಿ 100ಕ್ಕಿಂತ, ಹೆಚ್ಚು ಅಪಾಯವುಳ್ಳವರಲ್ಲಿ 70ಕ್ಕಿಂತ, ಅತಿ ಹೆಚ್ಚು ಅಪಾಯವುಳ್ಳವರಲ್ಲಿ 55ಕ್ಕಿಂತ ಕಡಿಮೆ ಇರಬೇಕು. ಒಬ್ಬರಿಗೆ ಸರಿಯಾದ ಅಂಕಿ ಇನ್ನೊಬ್ಬರಿಗೆ ಸಾಲದು. ಆದಕಾರಣ ನೆರೆಯವರ ವರದಿಯೊಡನೆ ನಮ್ಮ ವರದಿಯನ್ನು ಹೋಲಿಸುವುದು ಸಲ್ಲದು.

4. ಸುರಕ್ಷಿತ ಬಳಕೆಯ ನಿಯಮಗಳು

(ಅ) ಆರಂಭಕ್ಕೆ ಮುನ್ನ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ತೊಂದರೆಗಳನ್ನೂ ಮದ್ಯಪಾನದ ಅಭ್ಯಾಸವನ್ನೂ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ಆರಂಭಿಸಿದ 4ರಿಂದ 12 ವಾರಗಳಲ್ಲಿ ಮರುಪರೀಕ್ಷೆ, ಅನಂತರ ವೈದ್ಯರು ಸೂಚಿಸಿದಂತೆ ಪರೀಕ್ಷೆ ಮಾಡಿಸಬೇಕು.

(ಆ) ಅಟೋರ್ವಾಸ್ಟ್ಯಾಟಿನ್ ಮತ್ತು ರೋಸುವಾಸ್ಟ್ಯಾಟಿನ್ ಮಾತ್ರೆಗಳನ್ನು ದಿನದ ಯಾವುದೇ ಒಂದು ನಿಗದಿತ ವೇಳೆಯಲ್ಲಿ ಸೇವಿಸಬಹುದು. ಸಿಮ್ವಾಸ್ಟ್ಯಾಟಿನ್ ರಾತ್ರಿ ಸೇವಿಸತಕ್ಕದ್ದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

(ಇ) ಗದ್ದೆಯ ಕೆಸರಿನಲ್ಲಿ ದುಡಿಯುವ ನಮ್ಮ ಜನರಲ್ಲಿ ಹುಳುಕಡ್ಡಿ ಸಾಮಾನ್ಯ. ಅದಕ್ಕೆ ಅಂಗಡಿಯಿಂದ ತಂದು ನುಂಗುವ ಇಟ್ರಾಕೊನಜೋಲ್, ಸೋಂಕಿಗೆ ನೀಡುವ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಮುಂತಾದವು ಕೆಲವು ಸ್ಟ್ಯಾಟಿನ್‌ಗಳ ಪ್ರಮಾಣವನ್ನು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿಸಬಲ್ಲವು. ಬೇರಾವ ಔಷಧ ಕೊಳ್ಳುವಾಗಲೂ "ನಾನು ಕೊಲೆಸ್ಟರಾಲ್ ಗುಳಿಗೆ ತಗೋತೀನಿ" ಎಂದು ಹೇಳಲೇಬೇಕು.

(ಈ) ಔಷಧದ ಚೀಟಿಯಲ್ಲಿರುವ "ಗ್ರೇಪ್‌ಫ್ರೂಟ್ ಬೇಡ" ಎಂಬ ಎಚ್ಚರಿಕೆಯನ್ನು ದ್ರಾಕ್ಷಿ ಎಂದು ತಿಳಿಯಬಾರದು. ಅದು ಚಕ್ಕೋತದ ಜಾತಿಗೆ ಸೇರಿದ ಹುಳಿಹಣ್ಣು. ದ್ರಾಕ್ಷಿಗೆ ನಿಷೇಧವಿಲ್ಲ, ಚಕ್ಕೋತವನ್ನು ತಿನ್ನುವ ಮೊದಲು ವೈದ್ಯರನ್ನು ಕೇಳುವುದು ಒಳಿತು.

(ಉ) ಎರಡೂ ತೊಡೆ ಅಥವಾ ಭುಜಗಳಲ್ಲಿ ಕಾರಣವಿಲ್ಲದೆ ನೋವು ಮತ್ತು ನಿಶ್ಶಕ್ತಿ ಕಂಡರೆ ವೈದ್ಯರನ್ನು ಕಾಣಬೇಕು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಂತಹ ತೀವ್ರ ತೊಂದರೆ ಅತಿ ವಿರಳ. ಆದರೆ ಎಲ್ಲ ಮೈಕೈ ನೋವಿಗೂ ಮಾತ್ರೆ ಕಾರಣವಲ್ಲ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ಟ್ಯಾಟಿನ್ ಸೇವಿಸುವವರು ಹೇಳಿದ ಸ್ನಾಯುನೋವುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಮಾತ್ರೆಯಿಂದ ಉಂಟಾದವಲ್ಲವೆಂದು ಕಂಡುಬಂದಿತು.

(ಊ) ಗರ್ಭಿಣಿಯರು, ಗರ್ಭಧಾರಣೆಯನ್ನು ಬಯಸುವವರು ಮತ್ತು ಹಾಲುಣಿಸುವ ತಾಯಂದಿರು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವರಲ್ಲಿ ರಕ್ತದ ಸಕ್ಕರೆ ಅಲ್ಪ ಏರಬಹುದು. ಅಪಾಯವುಳ್ಳವರಲ್ಲಿ ಲಾಭವೇ ಹೆಚ್ಚಾದುದರಿಂದ ಅದೊಂದೇ ಕಾರಣಕ್ಕೆ ನಿಲ್ಲಿಸಬಾರದು.

(ಋ) ಮಾತ್ರೆಯು ಪಥ್ಯಕ್ಕೆ ರಿಯಾಯಿತಿಯಲ್ಲ. ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ ಭಜಿ, ತಂಬಾಕು ಮತ್ತು ಮದ್ಯವನ್ನು ಬಿಡುವುದು, ದಿನವೂ ಅರ್ಧ ಗಂಟೆ ನಡೆಯುವುದು ಅದರೊಡನೆ ಸಾಗಬೇಕು.

5. ಎಲ್ಲಕ್ಕಿಂತ ದೊಡ್ಡ ತಪ್ಪು

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಬೇಕಾಗಿದೆ. ಮಧುಮೇಹಿಯಾದ ನನ್ನ ತಂದೆಯವರ ಎಲ್‌ಡಿಎಲ್ 158 ಇತ್ತು. ಮೂರು ತಿಂಗಳು ಮಾತ್ರೆ ಸೇವಿಸಿದ ಮೇಲೆ 88ಕ್ಕೆ ಇಳಿಯಿತು. "ನಾರ್ಮಲ್ ಬಂದೈತಿ, ಇನ್ನ್ಯಾಕ ಗುಳಿಗಿ?" ಎಂದರು. ಅಂಕಿಗಳನ್ನು ಓದಬಲ್ಲ ನಾನೂ ಆ ವರದಿಯನ್ನು ನೋಡಿ ತಲೆಯಾಡಿಸಿದೆನು. ಅಂಕಿ ಇಳಿದದ್ದು ಮಾತ್ರೆಯಿಂದ, ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಅದು ಹಿಂದಿನ ಮಟ್ಟಕ್ಕೇ ಏರುತ್ತದೆ ಎಂಬ ಸರಳ ವಿಷಯ ನನಗೆ ಹೊಳೆಯಲಿಲ್ಲ. ಮರುವರ್ಷದ ಸುಗ್ಗಿಯಲ್ಲಿ, ಕಣದಲ್ಲಿಯೇ ಅವರಿಗೆ ಎದೆನೋವು ಬಂದಿತು. ಸಕಾಲಕ್ಕೆ ಚಿಕಿತ್ಸೆ ದೊರೆತು ಬದುಕಿದರು. ಆದರೆ ಮೊದಲಿನಂತೆ ಚೀಲ ಎತ್ತಲಾರರು. ಮಾತ್ರೆ ನಿಲ್ಲಿಸದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಯಾರೂ ಖಚಿತವಾಗಿ ಹೇಳಲಾರರು. ಅಪಾಯವನ್ನು ತಗ್ಗಿಸುತ್ತಿದ್ದ ಒಂದು ಸಾಧನವನ್ನು ನಾವೇ ಕೈಬಿಟ್ಟೆವು ಎಂಬುದಂತೂ ನಿಜ. ಮಾತ್ರೆಯನ್ನು ಆರಂಭಿಸುವಂತೆಯೇ ನಿಲ್ಲಿಸುವ ತೀರ್ಮಾನವೂ ವೈದ್ಯರದೇ ಆಗಿರತಕ್ಕದ್ದು.

6. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿದರು. ಭಯದಿಂದ ಒಮ್ಮೆ ಮಾಡಿಸುವ ಪರೀಕ್ಷೆಗಿಂತ ಪ್ರತಿವರ್ಷದ ಶಾಂತ ತಪಾಸಣೆ ಮೇಲು. ಅದಕ್ಕಾಗಿ:

• ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರಂತೆ ಸಾರ್ವಜನಿಕ ಆರೋಗ್ಯವು ಸೌಕರ್ಯ ಸಮಿತಿಯ ವ್ಯಾಪ್ತಿಗೆ ಸೇರಿದೆ. ಸಮಿತಿಯ ಸಭೆಯಲ್ಲಿ ಅಸಾಂಕ್ರಾಮಿಕ ರೋಗಗಳ ತಪಾಸಣೆಯನ್ನು ವಿಷಯವಾಗಿ ಚರ್ಚಿಸುವುದು.
• 30 ವರ್ಷ ಮೀರಿದವರು ಗೃಹ ಆರೋಗ್ಯ ಯೋಜನೆಯಡಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ಮನವೊಲಿಸುವುದು.
• ಕ್ಯಾಂಪುಗಳಲ್ಲಿ ತೆಲುಗು ಮನೆಮಾತಿನ ಹಿರಿಯರಿಗೆ ಅವರ ಭಾಷೆಯಲ್ಲಿಯೇ ಈ ವಿಷಯವನ್ನು ತಿಳಿಸುವುದು.
• ಯಾರಿಗೂ ಮಾತ್ರೆಯ ಹೆಸರು ಅಥವಾ ಪ್ರಮಾಣವನ್ನು ಸೂಚಿಸದಿರುವುದು. ತನ್ನ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡದಂತೆ ತಿಳಿಹೇಳುವುದು.
• ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ತಣ್ಣನೆಯ ಬೆವರು ಕಂಡಕೂಡಲೆ "ವಾಯು" ಎಂದು ಕಾಯದೆ 108ಕ್ಕೆ ಕರೆಮಾಡಿಸುವುದು.

ಚರ್ಚೆಗೆ ಪ್ರಶ್ನೆಗಳು

(1) ನಮ್ಮ ವಾರ್ಡಿನಲ್ಲಿ ವರದಿ ಸರಿಬಂದ ಮೇಲೆ ಮಾತ್ರೆ ನಿಲ್ಲಿಸಿದವರು ಎಷ್ಟು ಮಂದಿ? (2) ಅವರನ್ನು ಮತ್ತೆ ವೈದ್ಯರ ಬಳಿಗೆ ಕಳುಹಿಸುವ ಹೊಣೆ ಯಾರದು? (3) ನಾವು, ಸದಸ್ಯರು ಮತ್ತು ಸಿಬ್ಬಂದಿ, ಕೊನೆಯದಾಗಿ ಯಾವಾಗ ಪರೀಕ್ಷೆ ಮಾಡಿಸಿಕೊಂಡೆವು?

ಮೂರನೆಯ ಪ್ರಶ್ನೆಗೆ ಉತ್ತರಿಸಿದ ಬಳಿಕವೇ ಮೊದಲೆರಡನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ,
ಶ್ರೀರಾಮನಗರ