ಪರ್ವದಿನದ ಪುಸ್ತಕದಾನ

ಹಬ್ಬಹರಿದಿನಗಳಲ್ಲಿ ವಸ್ತ್ರ, ಫಲ, ಭಕ್ಷ್ಯಗಳನ್ನು ಆಪ್ತರಿಗೆ ಕೊಡುವ ರೂಢಿ ಎಲ್ಲೆಡೆಯೂ ಉಂಟು. ಪುಸ್ತಕವನ್ನು ಕೊಡುವುದು ಮಾತ್ರ ಈಚಿನ ನಾಗರಿಕತೆಯ ಕೊಡುಗೆಯೆಂದು ಹಲವರ ಎಣಿಕೆ. ಕನ್ನಡ ನಾಡಿನ ಮಟ್ಟಿಗೆ ಈ ಎಣಿಕೆ ಸಲ್ಲದು. ಪರ್ವದಿನದಂದು ಗ್ರಂಥವನ್ನು ದಾನವೀಯುವ ಪದ್ಧತಿ ಇಲ್ಲಿ ಸಾವಿರ ವರ್ಷಗಳಷ್ಟು ಹಳೆಯದು.

ಜೈನ ಸಂಪ್ರದಾಯವು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ಹೇಳುತ್ತದೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಲ್ಲಿ ಬೆಳೆದವರಿಗೆ ಈ ಭಾವನೆ ಅಪರಿಚಿತವಲ್ಲ. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುವಿದಿತ. ಒಂದೊಂದು ಗರಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಕಾಲದಲ್ಲಿ ಇದು ಎಷ್ಟು ಜನ ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ಓದುಗರೇ ಊಹಿಸಬಹುದು.

ಜ್ಯೇಷ್ಠ ಶುದ್ಧ ಪಂಚಮಿಯು ಜೈನರಿಗೆ ಶ್ರುತಪಂಚಮಿ. ಶಾಸ್ತ್ರಗ್ರಂಥಗಳನ್ನು ಪೂಜಿಸುವ ದಿನ. ನೋಂಪಿಯನ್ನು ಪೂರೈಸಿದವರು ಉದ್ಯಾಪನೆಯ ಸಮಯದಲ್ಲಿ ಗ್ರಂಥವನ್ನು ಬರೆಯಿಸಿ ಗುರುಗಳಿಗೆ ಅರ್ಪಿಸುತ್ತಿದ್ದರು. 12ನೆಯ ಶತಮಾನದ ಆದಿಭಾಗದಲ್ಲಿ ದೇಮಿಯಕ್ಕನೆಂಬ ಶ್ರಾವಕಿಯು ಈ ವ್ರತದ ಉದ್ಯಾಪನೆಯಲ್ಲಿ ವೀರಸೇನಾಚಾರ್ಯರ ‘ಧವಲಾ’ ಟೀಕೆಯನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಲ್ಲಿಕಬ್ಬೆಯೆಂಬ ಇನ್ನೊಬ್ಬಳು ಶ್ರೀಪಂಚಮಿಯ ನೋಂಪಿಯನ್ನು ಮುಗಿಸಿ, ಭೂತಬಲಿಗಳ ‘ಮಹಾಬಂಧ’ವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳು. ಪ್ರಾಕೃತ ಭಾಷೆಯ ಈ ಮಹಾಗ್ರಂಥಗಳು ಕನ್ನಡ ಲಿಪಿಯ ಓಲೆಗರಿಗಳಲ್ಲಿ ಮೂಡಬಿದಿರೆಯ ಗುರುಬಸದಿಯನ್ನು ಸೇರಿ ಉಳಿದವು. ಆ ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದೂ ಇವುಗಳಿಂದಲೇ. ಮಹಾಬಂಧಕ್ಕಂತೂ ಮಲ್ಲಿಕಬ್ಬೆ ಬರೆಯಿಸಿದ ಓಲೆಪ್ರತಿಯೊಂದೇ ಆಧಾರ. ಒಬ್ಬ ಗೃಹಿಣಿಯ ವ್ರತದಾನವಿಲ್ಲದಿದ್ದರೆ ಆ ಕೃತಿಯೇ ಲೋಕಕ್ಕೆ ಇಲ್ಲವಾಗುತ್ತಿತ್ತು.

ಆದರೆ ಈ ವೃತ್ತಾಂತಕ್ಕೆ ಇನ್ನೊಂದು ಮುಖವೂ ಇದೆ. ಶತಮಾನಗಳ ಕಾಲ ಆ ಗ್ರಂಥಗಳು ದರ್ಶನದ ವಸ್ತುಗಳಾಗಿ ಉಳಿದವು; ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು, ಓದುವವರು ವಿರಳ. 19ನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ಪ್ರತಿ ಮಾಡುವ ಕಾರ್ಯ ಮೊದಲಾಯಿತು. ಅಷ್ಟರಲ್ಲಿ ಮಹಾಬಂಧದ ಕೆಲವು ಗರಿಗಳು ನಷ್ಟವಾಗಿದ್ದವು. ಬೇರೆ ಪ್ರತಿಯಿಲ್ಲದ ಕಾರಣ ಆ ಭಾಗವನ್ನು ತುಂಬಿಕೊಳ್ಳುವ ದಾರಿಯೇ ಉಳಿದಿರಲಿಲ್ಲ. ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ, ಮುಂದೆ ಒಟ್ಟು 16 ಸಂಪುಟಗಳಾದವು. ಮಹಾಬಂಧವೂ ಮುದ್ರಣ ಕಂಡಿತು. ಭಕ್ತಿಯು ಗ್ರಂಥವನ್ನು ಕಾಯಿತು, ನಿಜ. ಅದಕ್ಕೆ ಮರಳಿ ಜೀವವಿತ್ತುದು ಅಧ್ಯಯನ.

ವಚನವಾಙ್ಮಯದ ಇತಿಹಾಸವೂ ಇದಕ್ಕೆ ಸಾಕ್ಷಿ. ಡಾ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ಓಲೆಕಟ್ಟುಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹಿರಿಯರು ಕಾಪಾಡಿದ್ದು ಆಗ ಸಾಮಾನ್ಯ ಓದುಗನ ಕೈಗೂ ಬಂದಿತು.

ಆದುದರಿಂದ ಪುಸ್ತಕದಾನವು ಕೊಟ್ಟ ದಿನವೇ ಮುಗಿಯುವ ದಾನವಲ್ಲ. ಅದರಲ್ಲಿ ಅರ್ಧವನ್ನು ಕೊಡುವವನು ಮಾಡುತ್ತಾನೆ. ಉಳಿದ ಅರ್ಧವನ್ನು ಪಡೆದವನು ಓದಿ ಪೂರೈಸಬೇಕು. ಬಸವಜಯಂತಿಗೋ ಯುಗಾದಿಗೋ ಶಾಲೆಗೆ ಪುಸ್ತಕಗಳನ್ನು ಅರ್ಪಿಸುವ ದಾನಿಗಳು ನೂರು ಬಗೆಯ ಒಂದೊಂದು ಪ್ರತಿಗಿಂತ, ಉಪಯುಕ್ತವಾದ ಕೆಲವು ಪುಸ್ತಕಗಳ ಹಲವು ಪ್ರತಿಗಳನ್ನು ಕೊಡುವುದು ಲೇಸು. ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಓದಬಲ್ಲರು. ರಟ್ಟು ಕಟ್ಟಿಸುವುದಕ್ಕೆ ಅಲ್ಪ ಹಣವನ್ನೂ ಇಟ್ಟರೆ ಅದೂ ದಾನವೇ. ಹಾಳೆ ಹರಿದೀತೆಂಬ ಭಯದಿಂದ ಕಪಾಟಿಗೆ ಬೀಗ ಹಾಕದೆ ಮಕ್ಕಳ ಕೈಗೆ ಕೊಡುವುದು ಅಧ್ಯಾಪಕರ ಪಾಲಿನ ದಾಸೋಹ. ಓದಿ ಸವೆದ ಪುಸ್ತಕಕ್ಕೆ ಹೊಸ ಪ್ರತಿ ತರಿಸಬಹುದು. ಓದುವ ವಯಸ್ಸನ್ನು ಕಳೆದುಕೊಂಡ ಮಗುವಿಗೆ ಆ ವಯಸ್ಸನ್ನು ತಂದುಕೊಡುವವರಾರು?