ಕೊಟ್ಟೂರು ತೇರು, ಮೈಲಾರದ ಬಿಲ್ಲು, ಒಂಬತ್ತನೇ ತರಗತಿಯ ವಿಜ್ಞಾನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಕ್ಕಳಿಗೆ ‘ಬಲ ಮತ್ತು ಚಲನೆಯ ನಿಯಮಗಳು’ ಪಾಠ ಕಬ್ಬಿಣದ ಕಡಲೆ ಆಗಬೇಕಿಲ್ಲ. ನ್ಯೂಟನ್ 1687ರಲ್ಲಿ ಬರೆದಿಟ್ಟದ್ದು ನಮ್ಮ ಜಾತ್ರೆಗಳಲ್ಲಿ ಕಣ್ಣೆದುರೇ ನಡೆಯುತ್ತದೆ.

1. ಎಳೆಯುತ್ತಿದ್ದರಷ್ಟೇ ಓಟ ಎಂಬ ನಂಬಿಕೆ ಬಿಡಿ. ಕೊಟ್ಟೂರೇಶ್ವರನ ತೇರು ಒಂದೇ ವೇಗದಲ್ಲಿ ನೆಟ್ಟಗೆ ಸಾಗುವಾಗ ಹಗ್ಗದ ಎಳೆತವೂ ಘರ್ಷಣೆಯೂ ಸರಿಸಮ. ಒಟ್ಟು ಬಲ ಸೊನ್ನೆ. ಶುರುವಿನಲ್ಲಿ ಜನ ಅಷ್ಟು ತಿಣುಕುವುದು ಏಕೆಂದರೆ, ನಿಂತದ್ದನ್ನು ಕದಲಿಸುವಾಗ ಘರ್ಷಣೆ ಹೆಚ್ಚು, ಜೊತೆಗೆ ತೇರಿಗೆ ವೇಗವನ್ನೂ ಕೊಡಬೇಕು. ಹಗ್ಗ ಬಿಟ್ಟ ಮೇಲೆ ತೇರನ್ನು ನಿಲ್ಲಿಸುವುದು ಘರ್ಷಣೆ. (2017ರ ಫೆಬ್ರವರಿಯಲ್ಲಿ ಇದೇ ತೇರು ಉರುಳಿಬಿದ್ದದ್ದು ಬೇರೆ ಪಾಠ: ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಗೆರೆ ಗಾಲಿಗಳ ಆಚೆ ಹೋದರೆ ಎಂಥ ತೇರೂ ನಿಲ್ಲದು.)

2. ಚಿತ್ರ ಬರೆಯದೆ ಸೂತ್ರಕ್ಕೆ ಕೈ ಹಾಕಬೇಡಿ. ವಸ್ತುವಿಗೆ ಒಂದು ಚೌಕ, ಅದರ ಮೇಲೆ ಬೀಳುವ ಬಲಗಳಿಗಷ್ಟೇ ಬಾಣ. ವೇಗವನ್ನೂ ಬಲವೆಂದು ಸೇರಿಸಿದರೆ ಲೆಕ್ಕ ಕೆಟ್ಟಿತು.

3. ಕ್ರಿಯೆ, ಪ್ರತಿಕ್ರಿಯೆ ಎರಡನ್ನೂ ಒಂದೇ ಚೌಕಕ್ಕೆ ತುರುಕಬೇಡಿ. ನಾವು ಹಗ್ಗ ಎಳೆದಷ್ಟೇ ಜೋರಾಗಿ ಹಗ್ಗವೂ ನಮ್ಮನ್ನು ಎಳೆಯುತ್ತದೆ. ಆದರೂ ಮುಂದೆ ಹೋಗುತ್ತೇವಲ್ಲ? ಕಾಲು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನೆಲ ಕೆಸರಾಗಿ ಕಾಲು ಜಾರಿದರೆ ಎಷ್ಟು ಜನ ಸೇರಿದರೂ ಅಷ್ಟೇ.

4. ಸಂವೇಗ ತಿಳಿಯಲು ಮೈಲಾರದ ಜಾತ್ರೆಗೆ ಬನ್ನಿ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ, ಲಕ್ಷಾಂತರ ಜನ ಗಪ್‌ಚಿಪ್. ಕಾರಣಿಕ (ಭವಿಷ್ಯವಾಣಿ) ನುಡಿದವನೇ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಲೆಕ್ಕಕ್ಕೆಂದು 60 ಕೆ.ಜಿ. ಮನುಷ್ಯ, 5 ಮೀಟರ್ ಎತ್ತರ, ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳಿ. ಬೀಳಲು 1 ಸೆಕೆಂಡ್. ಕೈಗೆ ಸಿಗುವಾಗ ವೇಗ ಸೆಕೆಂಡಿಗೆ 10 ಮೀಟರ್, ಸಂವೇಗ 600. ಕೈಗಳು ಬಾಗಿ 0.2 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ ಒಟ್ಟು ಬಲ (ಸಂವೇಗವನ್ನು ಹೊತ್ತಿನಿಂದ ಭಾಗಿಸಿ) 3,000 ನ್ಯೂಟನ್. ಗಟ್ಟಿ ನೆಲ 0.02 ಸೆಕೆಂಡಿನಲ್ಲಿ ನಿಲ್ಲಿಸಿದರೆ 30,000! ಬೀಳುವ ವೇಗ ಅದೇ, ನಿಲ್ಲುವ ಹೊತ್ತು ಮಾತ್ರ ಬೇರೆ. ಇಲ್ಲೊಂದು ಮೋಸವಿದೆ: ಕೈಗಳು ಅವನ 600 ನ್ಯೂಟನ್ ತೂಕವನ್ನೂ ಹೊರಬೇಕು, ಹಾಗಾಗಿ ಅವು ಕೊಡುವ ಬಲ 3,600. ಜಾಣರೂ ಇಲ್ಲೇ ಎಡವುತ್ತಾರೆ.

5. ಹೊಸಪೇಟೆ ಬಸ್ಸು ಕೂಡ್ಲಿಗಿಯಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ ಯಾರೂ ನಿಮ್ಮನ್ನು ಮುಂದಕ್ಕೆ ನೂಕಿಲ್ಲ. ಬಸ್ಸು ನಿಧಾನಿಸಿತು, ನೀವು ಹಳೇ ವೇಗದಲ್ಲೇ ಇದ್ದಿರಿ. ಜಡತ್ವ ಅಂದರೆ ಇಷ್ಟೇ.

6. ರಾಶಿ, ತೂಕ ಬೆರೆಸಬೇಡಿ. 50 ಕೆ.ಜಿ. ಶೇಂಗಾ ಚೀಲದ ತೂಕ (ಗುರುತ್ವ ವೇಗೋತ್ಕರ್ಷವನ್ನು 10ಕ್ಕೆ ದುಂಡಗೆ ಮಾಡದೆ ಲೆಕ್ಕ ಹಾಕಿದರೆ) ಸುಮಾರು 490 ನ್ಯೂಟನ್. ಮಂಡಿಯಲ್ಲಿ ಹೀಗೆ ಹೇಳಿದರೆ ನಗುತ್ತಾರೆ, ಪರೀಕ್ಷೆಯಲ್ಲಿ ಹೇಳದಿದ್ದರೆ ಅಂಕ ಕೊಡುವುದಿಲ್ಲ.