ಕೂಗಿ ಕರೆಯುವ ಅಕ್ಷರ

ಅಚ್ಚಾದ ಪುಟವನ್ನು ಓದುವಾಗ ನಾವು ಅರ್ಥವನ್ನು ಗಮನಿಸುತ್ತೇವೆಯೇ ಹೊರತು ಅಕ್ಷರಗಳ ಆಕಾರವನ್ನಲ್ಲ. ಆದರೆ ಆಕಾರಕ್ಕೂ ತನ್ನದೇ ಆದ ಕೆಲಸವುಂಟು. ಪುಸ್ತಕದ ಒಳಪುಟದ ಅಕ್ಷರವು ಗಂಟೆಗಟ್ಟಲೆ ಓದಿದರೂ ಕಣ್ಣನ್ನು ದಣಿಸಬಾರದು. ಭಿತ್ತಿಪತ್ರದ ಅಕ್ಷರವು ದಾರಿಹೋಕನನ್ನು ಕ್ಷಣಮಾತ್ರದಲ್ಲಿ ತಡೆದು ನಿಲ್ಲಿಸಬೇಕು. ಈ ಎರಡನೆಯ ಕೆಲಸಕ್ಕೆಂದೇ ರಚಿತವಾದ ರೋಮನ್ ಲಿಪಿಯ ಒಂದು ಅಕ್ಷರಮಾದರಿಯನ್ನು ಇಲ್ಲಿ ಪರಿಶೀಲಿಸೋಣ. ಅದರ ಹೆಸರು ‘ಇಂಪ್ಯಾಕ್ಟ್’.

ಇಂಗ್ಲಿಷ್ ಪುಸ್ತಕಗಳ ಅಕ್ಷರಗಳಲ್ಲಿ ಗೆರೆಯ ತುದಿಗೆ ಸಣ್ಣ ಚಾಚುಗಳಿರುವುದನ್ನು ನಾವು ಕಂಡಿದ್ದೇವೆ. ಅವಕ್ಕೆ ಸೆರಿಫ್ ಎಂದು ಹೆಸರು. ‘ಸಾನ್ಸ್’ ಎಂಬುದು ‘ಇಲ್ಲದೆ’ ಎಂಬರ್ಥದ ಫ್ರೆಂಚ್ ಪದ. ಆದುದರಿಂದ ಚಾಚಿಲ್ಲದ ಅಕ್ಷರಗಳು ಸಾನ್ಸ್ ಸೆರಿಫ್ ಎನಿಸಿದವು. ಇಂತಹ ಅಚ್ಚುಮೊಳೆಗಳು 1816ರ ಸುಮಾರಿಗೆ ಲಂಡನ್ನಿನ ಕ್ಯಾಸ್ಲನ್ ಎರಕದ ಮನೆಯಲ್ಲಿ ಮೊದಲು ಕಾಣಿಸಿಕೊಂಡವು. ಇಂಪ್ಯಾಕ್ಟ್ ಈ ಕುಲಕ್ಕೇ ಸೇರಿದುದು. ಜೆಫ್ರಿ ಲೀ ಎಂಬವರು ರಚಿಸಿದ ಇದನ್ನು ಇಂಗ್ಲೆಂಡಿನ ಷೆಫೀಲ್ಡ್ ನಗರದ ಸ್ಟೀಫನ್ಸನ್ ಬ್ಲೇಕ್ ಸಂಸ್ಥೆಯು 1965ರಲ್ಲಿ ಲೋಹದಲ್ಲಿ ಎರಕಹೊಯ್ದು ಹೊರತಂದಿತು.

ಇದರ ಬಲದ ಗುಟ್ಟೇನು? ಗೆರೆಗಳು ಬಹು ದಪ್ಪ. ಅಕ್ಷರಗಳ ಅಗಲ ಕಡಿಮೆ. ಇಕ್ಕಟ್ಟಾದ ಅಕ್ಷರದ ಲಾಭವನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಒಂದು ಅಂಗುಲ ಎತ್ತರದ ಸಾಮಾನ್ಯ ಅಕ್ಷರಗಳಲ್ಲಿ ಒಂದು ಪದವು ಹನ್ನೆರಡು ಅಂಗುಲ ಜಾಗವನ್ನು ತುಂಬಿತೆನ್ನೋಣ. ಅಕ್ಷರದ ಅಗಲವನ್ನು ಅರ್ಧಕ್ಕಿಳಿಸಿದರೆ, ಅದೇ ಜಾಗದಲ್ಲಿ ಅದೇ ಪದವನ್ನು ಎರಡು ಅಂಗುಲ ಎತ್ತರಕ್ಕೆ ಹಿಗ್ಗಿಸಬಹುದು. ಎತ್ತರ ಹೆಚ್ಚಿದಷ್ಟೂ ಪದವು ದೂರಕ್ಕೆ ಕಾಣುವುದು. ಇದಲ್ಲದೆ, ಇಂಪ್ಯಾಕ್ಟಿನ ಸಣ್ಣಕ್ಷರಗಳ ಒಡಲು ದೊಡ್ಡದು. ಅದರಿಂದ ಮೇಲಕ್ಕೂ ಕೆಳಕ್ಕೂ ಹೊರಡುವ ಗೆರೆಗಳು ಗಿಡ್ಡ. ಆದಕಾರಣ ಸಾಲುಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಬಹುದು.

ಆದರೆ ಈ ಬಲಕ್ಕೆ ತೆರಬೇಕಾದ ಬೆಲೆಯೂ ಉಂಟು. ಗೆರೆ ದಪ್ಪವಾದಂತೆ ಅಕ್ಷರದ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ. ಕಣ್ಣು ಒಂದಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವುದು ಕರಿಯ ಗೆರೆಯಿಂದ ಮಾತ್ರವಲ್ಲ, ಆ ಬಿಳಿಯಿಂದಲೂ ಹೌದು. ಇಂಪ್ಯಾಕ್ಟನ್ನು ಬಹಳ ಸಣ್ಣ ಅಳತೆಯಲ್ಲಿ ಅಚ್ಚುಮಾಡಿದರೆ ಬಿಳಿಯ ಸೀಳುಗಳು ಮಸಿಯಿಂದ ಮುಚ್ಚಿ, ಅಕ್ಷರಗಳು ಕರಿಯ ಮುದ್ದೆಗಳಾಗುವ ಸಂಭವವುಂಟು. ಮುಂದೆ ಇದು ಕಂಪ್ಯೂಟರುಗಳಿಗೂ ಬಂದಿತು; ಮೈಕ್ರೋಸಾಫ್ಟ್ ಸಂಸ್ಥೆಯು 1996ರಲ್ಲಿ ಉಚಿತವಾಗಿ ಹಂಚಿದ ಅಕ್ಷರಮಾದರಿಗಳಲ್ಲಿ ಇದೂ ಒಂದು. ಚಿತ್ರಗಳ ಮೇಲೆ ಬರೆಯುವ ನಗೆಮಾತುಗಳಲ್ಲಿ ಇದನ್ನು ನಾವು ಇಂದಿಗೂ ಕಾಣುತ್ತೇವೆ. ಆದರೆ ಇದರಲ್ಲಿ ಅಚ್ಚಾದ ಒಂದು ಇಡೀ ಪಾಠವನ್ನು ಓದುವುದು ಶಿಕ್ಷೆಯೇ ಸರಿ.

ಕನ್ನಡದಲ್ಲಿ ತಲೆಬರಹ ಬರೆಯುವವರೂ ಈ ತತ್ತ್ವವನ್ನು ಅರಿಯಬೇಕು. ‘ರ’ಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ‘ಠ’ಕಾರ, ‘ಪ’ಕಾರದೊಳಗೆ ಒಂದು ಗೆರೆ ಸೇರಿದರೆ ‘ಷ’ಕಾರ. ಕುಂಚವನ್ನು ಅತಿಯಾಗಿ ಒತ್ತಿ ಒಳಗಿನ ಬಿಳಿಯನ್ನು ತುಂಬಿಬಿಟ್ಟರೆ ‘ಪಾಠ’ವು ‘ಪಾರ’ವಾದೀತು. ಮೇಲಾಗಿ ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ, ಇಂಗ್ಲಿಷಿನಂತೆ ಸಾಲುಗಳನ್ನು ತೀರ ಒತ್ತಾಗಿಡಲು ಬರುವುದಿಲ್ಲ.

ಆದುದರಿಂದ ಶಾಲೆಯ ಗೋಡೆಪತ್ರಿಕೆಗೆ ತಲೆಬರಹ ಬರೆಯುವಾಗ ಮೂರು ಅಂಶಗಳನ್ನು ನೆನಪಿನಲ್ಲಿಡೋಣ: ದಪ್ಪ ಅಕ್ಷರವನ್ನು ನಾಲ್ಕಾರು ಪದಗಳಿಗೆ ಮೀಸಲಿಡುವುದು; ಅಕ್ಷರದ ಒಳಗಿನ ಬಿಳಿಯನ್ನು ಕಾಪಾಡುವುದು; ಬರೆದುದನ್ನು ಹತ್ತು ಹೆಜ್ಜೆ ದೂರದಿಂದ ಓದಿ ಪರೀಕ್ಷಿಸುವುದು. ಪುಟದ ಎಲ್ಲ ಪದಗಳೂ ಕೂಗತೊಡಗಿದರೆ ಯಾವ ಪದವೂ ಕೇಳಿಸದು. ಉಳಿದ ಬರಹ ಶಾಂತವಾಗಿದ್ದರೆ ಮಾತ್ರ ತಲೆಬರಹದ ಕರೆಗೆ ಬೆಲೆ.